ಕಟ್ಟಿಗೆ ಹೊರುವ ಹಳೆ ಟ್ರಾಲಿ: ಚಕ್ರದಿಂದ ಶುರು ಮಾಡಿ

ಹಳೆ ಟ್ರಾಲಿ ಮನೆಗೆ ಬಂದ ಕೂಡಲೇ ಜನ ಬಣ್ಣದ ಡಬ್ಬಿ ತರಲು ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಕೊನೆಯ ಕೆಲಸ. ಮೊದಲ ಕೆಲಸ ಚಕ್ರ ಬಿಚ್ಚಿ ಒಳಗಿನ ಬೇರಿಂಗ್ ನೋಡುವುದು. ರಸ್ತೆಯಲ್ಲಿ ಟ್ರಾಲಿ ಕೈಕೊಡುವುದು ಹೆಚ್ಚಾಗಿ ಮೂರೇ ಕಡೆ: ಚಕ್ರದ ನಡುವಿನ ಹಬ್, ಸ್ಪ್ರಿಂಗ್ ಕಟ್ಟಿದ ಜಾಗ, ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಕೊಂಡಿ. ಈ ಮೂರೂ ಗಟ್ಟಿ ಇದ್ದರೆ ತಗಡು ತುಕ್ಕು ಹಿಡಿದಿದ್ದರೂ ಟ್ರಾಲಿ ಮನೆ ಮುಟ್ಟುತ್ತದೆ.

ನಾನು ಜಮಖಂಡಿ ಕಡೆಯವನು. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದೆ. ಈಗ ಪುಣೆಯ ಪಶ್ಚಿಮಕ್ಕೆ, ಮುಳಶಿ ತಾಲೂಕಿನ ಪೌಡ್ ಹತ್ತಿರ ಇದ್ದೇನೆ. ಅಕ್ಕನ ಮಗಳು ಪಿರಂಗುಟ್‌ನಲ್ಲಿ ಖಾನಾವಳಿ ನಡೆಸುತ್ತಾಳೆ. ಜೋಳದ ರೊಟ್ಟಿ ಕಟ್ಟಿಗೆ ಒಲೆಯ ಮೇಲೇ ಆಗಬೇಕು ಅಂತ ಅವಳ ಹಟ. ಅಲ್ಲಿ ಊಟಕ್ಕೆ ಬರುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರೇ ಜಾಸ್ತಿ. ಅವರಿಗೆ ಊರಿನ ರೊಟ್ಟಿ ಬೇಕು. ಸುತ್ತಲಿನ ತೋಟಗಳಲ್ಲಿ ಕಡಿದ ಜಾಲಿ, ಸವರಿದ ಮಾವಿನ ಕೊಂಬೆ ಅವಳ ಒಲೆಗೆ ಹೋಗುತ್ತವೆ. ಅದನ್ನು ಹೊರಲು ಸಣ್ಣ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಎರಡು ಚಕ್ರದ ಹಳೆ ಟ್ರಾಲಿಯನ್ನು ಸಜ್ಜು ಮಾಡಿಕೊಟ್ಟೆ. ಆ ಕೆಲಸದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವ ಮುನ್ನ ಕಾಗದ ನೋಡಿ. ಟ್ರಾಲಿಗೆ ಟ್ರ್ಯಾಕ್ಟರ್‌ನದಲ್ಲದೆ ತನ್ನದೇ ಆರ್‌ಸಿ (ನೋಂದಣಿ ಪತ್ರ) ಇರಬೇಕು. ಅದರ ನಂಬರ್ ಶುರುವಾಗುವುದು ಪುಣೆಯದಾದರೆ ಎಂಎಚ್ 12, ಪಿಂಪ್ರಿ ಚಿಂಚವಾಡದ್ದಾದರೆ ಎಂಎಚ್ 14. ಆರ್‌ಸಿಯಲ್ಲಿರುವ ಚಾಸಿ (ತಳದ ಚೌಕಟ್ಟು) ನಂಬರ್ ಟ್ರಾಲಿಯ ಮೇಲೆ ಕೊರೆದಿರುತ್ತದೆ. ಹೆಚ್ಚಾಗಿ ಚೌಕಟ್ಟಿನ ಮುಂದಿನ ಕಬ್ಬಿಣದ ತೊಲೆ, ಅಂದರೆ ಚಾನೆಲ್ ಮೇಲೆ, ತುಕ್ಕಿನ ಕೆಳಗೆ ಅಡಗಿರುತ್ತದೆ. ಅದನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹುಡುಕಿ, ಫೋಟೋ ತೆಗೆದು, ಮೇಲೆ ಟೇಪ್ ಅಂಟಿಸಿಬಿಡಿ. ಆಮೇಲೆ ಗ್ರೈಂಡರ್ ಹಿಡಿದವನು ಅದರ ಮೇಲೆ ಹಾಯಿಸಿದರೆ ನಂಬರ್ ಅಳಿಸಿಹೋಗುತ್ತದೆ, ಆರ್‌ಟಿಒ ಮುಂದೆ ನೀವು ಉತ್ತರ ಕೊಡಬೇಕಾಗುತ್ತದೆ. ಬೇಸಾಯಕ್ಕೆಂದು ನೋಂದಾಯಿಸಿದ ಟ್ರಾಲಿಯಲ್ಲಿ ವ್ಯಾಪಾರದ ಮಾಲು ಹೇರಿದರೆ ವಿಮೆ ಸಿಗುವುದು ಕಷ್ಟವಾಗಬಹುದು. ನಿಮ್ಮ ಬಳಕೆ ಯಾವುದು ಅಂತ ಮೊದಲೇ ವಿಮೆಯವರಿಗೆ ಹೇಳಿ, ಬರೆಸಿಕೊಳ್ಳಿ.

ಕಾಗದ ಸರಿ ಇದ್ದರೆ ಸುತ್ತಿಗೆ ತೆಗೆಯಿರಿ. ಚಾನೆಲ್ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ಮಂದ ಸದ್ದು ಬರುತ್ತದೆ. ತಳದ ತಗಡು ಅಡ್ಡ ಚಾನೆಲ್ ಮೇಲೆ ಕೂರುವ ಸಂದುಗಳಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕಟ್ಟಿಗೆ ಹೊತ್ತ ಟ್ರಾಲಿಯಲ್ಲಿ ತೊಗಟೆಯ ಪುಡಿ ಅಲ್ಲೇ ಸೇರಿ, ಮಳೆ ನೀರು ಹಿಡಿದುಕೊಂಡು, ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಮುಳಶಿಯ ಮಳೆ ನಿಮಗೆ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣಕ್ಕೆ ಬಿಡುವೇ ಇಲ್ಲ.

ಇನ್ನೊಂದು ಪರೀಕ್ಷೆಗೆ ಒಂದು ದಾರ ಸಾಕು. ಕೊಂಡಿಯ ನಡುವಿನಿಂದ ಎಕ್ಸೆಲ್‌ನ ಎಡ ತುದಿಗೆ ದಾರ ಹಿಡಿಯಿರಿ, ಗುರುತು ಹಾಕಿ. ಅದೇ ದಾರವನ್ನು ಬಲ ತುದಿಗೆ ಹಿಡಿಯಿರಿ. ಎರಡೂ ಸಮ ಬರಬೇಕು. ಐದು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಕ್ಸೆಲ್ ಸರಿದಿದೆ ಅಥವಾ ಚಾಸಿ ತಿರುಚಿದೆ. ಸರಿದ ಎಕ್ಸೆಲ್ ಸರಿಪಡಿಸಬಹುದು. ತಿರುಚಿದ ಚಾಸಿ ಬೇಡ, ಆ ಟ್ರಾಲಿಯನ್ನು ಅಲ್ಲೇ ಬಿಟ್ಟು ಬನ್ನಿ.

ಈಗ ಹಬ್. ಇದು ನನ್ನ ಕೈಯ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಗಟ್ಟಿ ನೆಲದ ಮೇಲೆ ಟ್ರಾಲಿ ನಿಲ್ಲಿಸಿ. ಬಿಚ್ಚದ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಮರದ ಅಡ್ಡೆ ಕೊಡಿ. ಚಕ್ರದ ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಎತ್ತಿದ ಮೇಲೆ ಎಕ್ಸೆಲ್ ಕೆಳಗೆ ದಪ್ಪ ಮರದ ತುಂಡುಗಳನ್ನು ಅಡ್ಡ ಉದ್ದ ಪೇರಿಸಿ, ಭಾರ ಅದರ ಮೇಲೆ ಕೂರುವಂತೆ ಮಾಡಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಇಟ್ಟಿಗೆ ಇಡಬೇಡಿ, ಇಟ್ಟಿಗೆ ಸೂಚನೆ ಕೊಡದೆ ಒಡೆಯುತ್ತದೆ.

ಮಿಲಿಟರಿ ಜೀಪಿನ ಚಕ್ರ ಹಾಕಿದ್ದರೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಕೆಲವು ರಿಮ್‌ಗಳು ಎರಡು ಭಾಗ ಸೇರಿಸಿ ನಟ್ ಬಿಗಿದವು. ಗಾಳಿ ತುಂಬಿದ್ದಾಗ ಆ ನಟ್ ಬಿಚ್ಚಿದರೆ ರಿಮ್ ಸಿಡಿದು ಆಳು ಸಾಯುತ್ತಾನೆ. ಮೊದಲು ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡಿ.

ಚಕ್ರ ತೆಗೆದ ಮೇಲೆ ಹಬ್‌ನ ಮುಚ್ಚಳ, ಅದರೊಳಗೆ ಸ್ಪ್ಲಿಟ್ ಪಿನ್, ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್, ವಾಷರ್, ಹೊರಗಿನ ಬೇರಿಂಗ್ ಈ ಕ್ರಮದಲ್ಲಿ ಬರುತ್ತವೆ. ಹಬ್ ಎಳೆದರೆ ಒಳಗಿನ ದೊಡ್ಡ ಬೇರಿಂಗ್, ಆಯಿಲ್ ಸೀಲ್ ಸಿಗುತ್ತವೆ. ಎಡದ್ದು ಎಡದ ತಟ್ಟೆಯಲ್ಲಿ, ಬಲದ್ದು ಬಲದ ತಟ್ಟೆಯಲ್ಲಿ ಇಡಿ, ಬೆರೆಸಬೇಡಿ. ಹಳೆ ಗ್ರೀಸ್ ಅನ್ನು ಡೀಸೆಲ್‌ನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗ್ ಅನ್ನು ಜೋರಾಗಿ ತಿರುಗಿಸುವ ಚಟ ಹುಡುಗರಿಗೆ ಇರುತ್ತದೆ. ಒಣ ಬೇರಿಂಗ್ ಹಾಗೆ ತಿರುಗಿದರೆ ರೋಲರ್ ಮೇಲೆ ಗೀರು ಬೀಳುತ್ತದೆ, ರೋಲರ್ ಹಾರಿ ಕಣ್ಣಿಗೂ ಬಡಿಯಬಹುದು.

ಬೆಳಕಿಗೆ ಹಿಡಿದು ನೋಡಿ. ರೋಲರ್ ಮೇಲೆ ನೀಲಿ ಅಥವಾ ಕಂದು ಛಾಯೆ ಇದ್ದರೆ ಅದು ಕಾದಿದೆ ಅಂತ ಅರ್ಥ. ಸಣ್ಣ ಗುಳಿಗಳಿದ್ದರೆ ಲೋಹ ಚಕ್ಕೆ ಏಳುತ್ತಿದೆ. ರೋಲರ್ ಹಿಡಿಯುವ ಪಂಜರ ಬಿರುಕು ಬಿಟ್ಟಿದ್ದರೆ ಮಾತೇ ಇಲ್ಲ. ಈ ಮೂರರಲ್ಲಿ ಯಾವುದೇ ಒಂದು ಕಂಡರೂ ಬದಲಿಸಿ. ಬೇರಿಂಗ್‌ನ ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ. ಉದಾಹರಣೆಗೆ 30206 ಅಂತಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳ ರಂಧ್ರ 30 ಮಿಲಿಮೀಟರ್. ಹೊರ ವ್ಯಾಸ 62. ಆ ನಂಬರ್ ಬರೆದುಕೊಂಡು ಪುಣೆಯ ನಾನಾ ಪೇಠಕ್ಕೆ ಹೋದರೆ ಸಿಗುತ್ತದೆ, ಗಾಡಿ ಬಿಡಿಭಾಗಗಳ ದೊಡ್ಡ ಪೇಟೆ ಅದು. ಸಾಧ್ಯವಾದರೆ ಹಳೆ ಬೇರಿಂಗನ್ನೇ ಜೊತೆಗೆ ಒಯ್ಯಿರಿ. ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ, ಹೆಸರಾಂತ ಕಂಪನಿಗಳ ಪೆಟ್ಟಿಗೆಯಲ್ಲಿ ನಕಲಿ ಬೇರಿಂಗ್ ಮಾರುವವರಿದ್ದಾರೆ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಬೇರಿಂಗ್ ಹೊಸದು ಹಾಕಿ, ಹಬ್‌ನೊಳಗಿನ ಬಳೆ ಹಳೆಯದೇ ಬಿಡುವವರಿದ್ದಾರೆ. ಹಾಗೆ ಮಾಡಿದರೆ ದುಡ್ಡು ನೀರಿಗೆ ಹಾಕಿದಂತೆ. ಸವೆದ ಬಳೆಯ ಮೇಲೆ ಹೊಸ ರೋಲರ್ ಓಡಿದರೆ ಅದೂ ಬೇಗ ಸವೆಯುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆ ಬಳೆಯನ್ನು ಹಿತ್ತಾಳೆಯ ಕಡ್ಡಿಯಿಂದ ಹಿಂಬದಿಯಿಂದ ಬಡಿದು ತೆಗೆಯಿರಿ. ಹೊಸದನ್ನು ಒಂದೇ ಕಡೆ ಬಡಿಯದೆ ಸುತ್ತಲೂ ಸ್ವಲ್ಪ ಸ್ವಲ್ಪ ಬಡಿದು ಕೂರಿಸಿ. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಟೊಳ್ಳು ಹೋಗಿ ಗಟ್ಟಿ ಸದ್ದು ಬರುತ್ತದೆ. ಆ ಸದ್ದು ಕೇಳುವವರೆಗೆ ಬಿಡಬೇಡಿ.

ಗ್ರೀಸ್‌ಗೆ ಎಪಿ 3 ಸಾಕು, ಎಲ್ಲಾ ಪೆಟ್ರೋಲ್ ಬಂಕ್ ಹತ್ತಿರವೂ ಸಿಗುತ್ತದೆ. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗ್‌ನ ದಪ್ಪ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ತುದಿಯಿಂದ ರೋಲರ್‌ಗಳ ನಡುವೆ ಗ್ರೀಸ್ ಹೊರಗೆ ಬರಬೇಕು. ಸುಮ್ನೆ ಮೇಲೆ ಸವರಿದರೆ ಏನೂ ಪ್ರಯೋಜನ ಇಲ್ಲ. ಹಬ್‌ನ ಖಾಲಿ ಜಾಗವನ್ನು ಪೂರ್ತಿ ತುಂಬಬೇಡಿ, ಅರ್ಧದೊಳಗೇ ಇರಲಿ. ಜಾಸ್ತಿ ತುಂಬಿದರೆ ಬಿಸಿಯಾಗಿ ಸೀಲ್ ಒಡೆದು ಹೊರಬರುತ್ತದೆ. ಸೀಲ್ ಹೊಸದೇ ಹಾಕಿ.

ನಟ್ ಬಿಗಿಯುವುದರಲ್ಲೇ ಕಸುಬು ಇರುವುದು. ಹಬ್ ಅನ್ನು ಕೈಯಿಂದ ತಿರುಗಿಸುತ್ತಲೇ ನಟ್ ಬಿಗಿಯುತ್ತಾ ಹೋಗಿ. ಹಬ್ ತಿರುಗಲು ಭಾರವಾದ ಕೂಡಲೇ ನಿಲ್ಲಿಸಿ. ಈಗ ನಟ್ ಅನ್ನು ಹಿಂದಕ್ಕೆ, ಪಿನ್ ತೂತಿಗೆ ನಟ್‌ನ ಮುಂದಿನ ಸೀಳು ಹೊಂದುವಷ್ಟು ಮಾತ್ರ ಸಡಿಲಿಸಿ. ಹಬ್ ಸಲೀಸಾಗಿ ತಿರುಗಬೇಕು. ಚಕ್ರ ಹಾಕಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಟಕ್ ಟಕ್ ಅನ್ನಬಾರದು. ಹೊಸ ಸ್ಪ್ಲಿಟ್ ಪಿನ್ ಹಾಕಿ, ಎರಡೂ ಕಾಲು ಬಗ್ಗಿಸಿ. ಹಳೆ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕುವುದು, ಮೊಳೆ ಬಗ್ಗಿಸಿ ಹಾಕುವುದು ಬೇಡವೇ ಬೇಡ. ಕೆಲವೇ ರೂಪಾಯಿಯ ಆ ಪಿನ್ ಚಕ್ರವನ್ನು ಹಿಡಿದಿಟ್ಟಿರುತ್ತದೆ.

ಟೈರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಣ್ಣ ಟ್ರಾಲಿಗಳಲ್ಲಿ 6.00-16 ಅಳತೆ ಸಾಮಾನ್ಯ. ಟ್ರ್ಯಾಕ್ಟರ್‌ನ ಮುಂದಿನ ಚಕ್ರದ್ದೂ ಅದೇ ಅಳತೆ ಇರುತ್ತದೆ, ಆದರೆ ಉದ್ದುದ್ದ ಗೆರೆಯ ಆ ಟೈರ್ ಟ್ರಾಲಿಗಲ್ಲ. ಟ್ರೇಲರ್ ಟೈರ್ ಅಂತಲೇ ಕೇಳಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂತಿದ್ದರೆ 2017ರ 23ನೇ ವಾರ ತಯಾರಾದದ್ದು. ಗೆರೆ ಆಳವಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಆ ಟೈರ್ ಮುಗಿದಿದೆ.

ಸ್ಪ್ರಿಂಗ್ ಪಟ್ಟಿಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಡುವಿನ ಬೋಲ್ಟ್ ಸುತ್ತ ಬಿರುಕು ಹುಡುಕಿ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಅನ್ನುವವರ ಮಾತು ಕೇಳಬೇಡಿ. ಆ ಉಕ್ಕಿನ ಹದ ಬಿಸಿ ತಾಗಿದರೆ ಹೋಗುತ್ತದೆ, ವೆಲ್ಡ್ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಪಟ್ಟಿ ಬದಲಿಸಬೇಕು, ಎರಡೂ ಬದಿಯದ್ದು ಒಟ್ಟಿಗೆ ಬದಲಿಸಿದರೆ ಇನ್ನೂ ಒಳ್ಳೆಯದು. ಸ್ಪ್ರಿಂಗನ್ನು ಎಕ್ಸೆಲ್‌ಗೆ ಕಟ್ಟುವ ಯು ಬೋಲ್ಟ್‌ಗಳು ಹಳೆಯವಾಗಿದ್ದರೆ ಹೊಸದೇ ತನ್ನಿ. ಒಮ್ಮೆ ಎಳೆದ ಯು ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ.

ಇನ್ನು ಕೊಂಡಿ. ಪಿನ್ ಕೂರುವ ಕಣ್ಣು ಸವೆದು ಉದ್ದಗಾಗಿದ್ದರೆ ಪ್ರತಿ ಗುಂಡಿಯಲ್ಲೂ ಧಡ್ ಅಂತ ಹೊಡೆಯುತ್ತದೆ. ಅದಕ್ಕೆ ವಾಷರ್ ಬೆಸೆದು ತೇಪೆ ಹಾಕದೆ, ಕಣ್ಣನ್ನೇ ಹೊಸದು ಹಾಕಿಸಿ. ಪಿನ್‌ಗೆ ಕೆಳಗೆ ಲಾಕ್ ಇರಲೇಬೇಕು. ಜೊತೆಗೆ ಎರಡು ಸರಪಳಿ ಹಾಕಿ, ಕೊಂಡಿಯ ಕೆಳಗೆ ಒಂದನ್ನೊಂದು ದಾಟಿಸಿ ಕಟ್ಟಿ. ಪಿನ್ ಜಾರಿದರೂ ಮುಂಭಾಗ ಆ ಸರಪಳಿಗಳ ಮೇಲೆ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ. ತುಂಬ ಮುಖ್ಯವಾದ ಮಾತು: ಟ್ರಾಲಿಯನ್ನು ಟ್ರ್ಯಾಕ್ಟರ್‌ನ ಕೆಳಗಿನ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರ್‌ಗೇ ಸಿಕ್ಕಿಸಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೆ, ಏರಿನಲ್ಲಿ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುತ್ತದೆ. ಓಡಿಸುವವನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ.

ಚಾಸಿಯ ವೆಲ್ಡಿಂಗ್ ಕೆಲಸಕ್ಕೆ ಪಿರಂಗುಟ್‌ನಲ್ಲಿ ಫ್ಯಾಬ್ರಿಕೇಶನ್ ಶೆಡ್‌ಗಳಿವೆ. ನಾನು ಹೋದ ಶೆಡ್‌ನ ಹುಡುಗ ಆಳಂದ ಕಡೆಯವನು. "ಕಾಕಾ, ಮ್ಯಾಲೊಂದು ಪಟ್ಟಿ ಹೊಡೀತೀನ್ರೀ, ಮುಗೀತು" ಅಂದ. ತುಕ್ಕಿನ ಮೇಲೆ ಪಟ್ಟಿ ಹೊಡೆದರೆ ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ ಅಂತ ಕೂರಿಸಿ ಹೇಳಿದೆ. ಒಪ್ಪಿಕೊಂಡು ಚೆನ್ನಾಗಿ ಮಾಡಿಕೊಟ್ಟ. ಕ್ರಮ ಹೀಗೆ: ತಿಂದ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅಂಚುಗಳನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಬೇಕು. ಅದೇ ದಪ್ಪದ ತುಂಡು ಕೂರಿಸಿ, ಹೊರಗಿನಿಂದ ತುದಿ ಚೂಪಾದ ಉದ್ದ ಪಟ್ಟಿ ಬೆಸೆಯಬೇಕು. ಪಟ್ಟಿಯ ತುದಿ ನೇರ ಅಡ್ಡಕ್ಕೆ ಕತ್ತರಿಸಿದ್ದರೆ ಅಲ್ಲೇ ಹೊಸ ಬಿರುಕು ಶುರುವಾಗುತ್ತದೆ. 3.15 ಮಿಲಿಮೀಟರ್‌ನ 6013 ರಾಡ್ ಈ ಕೆಲಸಕ್ಕೆ ಸರಿ. ವೆಲ್ಡಿಂಗ್ ವೇಳೆ ಟ್ರಾಲಿಯನ್ನು ಟ್ರ್ಯಾಕ್ಟರ್‌ನಿಂದ ಬಿಡಿಸಿ ದೂರ ಇಡಿ. ನೀರು ನಿಲ್ಲುವ ಮೂಲೆಗಳಲ್ಲಿ 10 ಮಿಲಿಮೀಟರ್ ತೂತು ಕೊರೆಸಿ.

ತಳಕ್ಕೆ 3 ಮಿಲಿಮೀಟರ್ ಚೆಕರ್ ಪ್ಲೇಟ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಕಟ್ಟಿಗೆಗೆ ನನ್ನ ಆಯ್ಕೆ ಹಲಗೆ. ಭಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ: ಆ ಪ್ಲೇಟ್ ಚದರ ಮೀಟರ್‌ಗೆ ಸುಮಾರು 24 ಕೆ.ಜಿ., 25 ಮಿಲಿಮೀಟರ್ ದಪ್ಪದ ಗಟ್ಟಿ ಮರದ ಹಲಗೆ ಸುಮಾರು 20. ಲಾಭ ಬೇರೆ ಕಡೆ ಇದೆ. ಹಲಗೆಗಳ ನಡುವೆ 10 ಮಿಲಿಮೀಟರ್ ಸಂದು ಬಿಟ್ಟರೆ ನೀರೂ ತೊಗಟೆ ಪುಡಿಯೂ ಕೆಳಗೆ ಉದುರುತ್ತವೆ. ದಿಮ್ಮಿ ಬಿದ್ದು ಒಂದು ಹಲಗೆ ಒಡೆದರೆ ಅದೊಂದನ್ನೇ ಬದಲಿಸಬಹುದು. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಲಾರಿಯ ಬಾಡಿ ಕಟ್ಟಲು ಬಳಸುವ ಸಾಲ್ ಮರ ಕೇಳಿ. ಬೋಲ್ಟ್ ತಲೆ ಹಲಗೆಯೊಳಗೆ ಮುಳುಗಬೇಕು, ಇಲ್ಲದಿದ್ದರೆ ಕಟ್ಟಿಗೆ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಹಲಗೆಗೆ ಎರಡೂ ಬದಿ, ಕತ್ತರಿಸಿದ ತುದಿಗೂ ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಗಾಳಿಗೆ ಹರವಿ.

ಪಕ್ಕದ ಗೋಡೆ ಎಷ್ಟು ಎತ್ತರ ಇರಬೇಕು? ಜನ ಕಣ್ಣಳತೆಯಲ್ಲಿ ಎತ್ತರಿಸಿಬಿಡುತ್ತಾರೆ. ಗೋಡೆ ಎತ್ತರ ಇದ್ದರೆ ಯಾರಾದರೂ ಅದನ್ನು ತುಂಬಿಯೇ ತುಂಬುತ್ತಾರೆ. ಆದ್ದರಿಂದ ಎತ್ತರವನ್ನು ಲೆಕ್ಕದಿಂದ ತೆಗೆಯಿರಿ.

ಹಲಗೆ, ಜಾಳಿಗೆ ಎಲ್ಲ ಸೇರಿದ ಮೇಲೆ ಖಾಲಿ ಟ್ರಾಲಿಯನ್ನು ವೇ ಬ್ರಿಡ್ಜ್‌ನಲ್ಲಿ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಇದನ್ನು ಕಳೆಯಿರಿ. ಒಟ್ಟು 850 ಕೆ.ಜಿ. ಇದ್ದು ಖಾಲಿ ಟ್ರಾಲಿ 350 ತೂಗಿದರೆ ನೀವು ಹೇರಬಹುದಾದ್ದು 500. ಈಗ ಕಟ್ಟಿಗೆಯ ಲೆಕ್ಕ. ಒಣಗಿದ ಜಾಲಿಯ ಗಟ್ಟಿ ಮರ ಘನ ಮೀಟರ್‌ಗೆ ಸುಮಾರು 800 ಕೆ.ಜಿ. ತೂಗುತ್ತದೆ. ಪೇರಿಸಿದಾಗ ಮೂರನೇ ಒಂದು ಭಾಗ ಗಾಳಿಯೇ ಇರುತ್ತದೆ, ಹಾಗಾಗಿ ಪೇರಿಸಿದ ಘನ ಮೀಟರ್‌ಗೆ 500 ಕೆ.ಜಿ. ದಾಟುತ್ತದೆ. ತಳ 1.8 ಮೀಟರ್ ಉದ್ದ, 1.2 ಮೀಟರ್ ಅಗಲ ಇದ್ದರೆ ಪ್ರತಿ 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 110 ಕೆ.ಜಿ. ಅಂದರೆ 45 ಸೆಂಟಿಮೀಟರ್‌ಗೆ ಲೆಕ್ಕ ಮುಗಿಯಿತು. ಈಗಷ್ಟೇ ಕಡಿದ ಹಸಿ ಜಾಲಿಯಾದರೆ ಪ್ರತಿ 10 ಸೆಂಟಿಮೀಟರ್‌ಗೆ 150 ಕೆ.ಜಿ. ಅಂತ ಹಿಡಿಯಿರಿ, ಮೊಣಕಾಲಿನಷ್ಟೂ ಎತ್ತರ ಬರುವುದಿಲ್ಲ.

ನಾನು ಗೋಡೆಯ ಒಳಗೆ ಎರಡು ಗೆರೆ ಎಳೆದಿದ್ದೇನೆ. 45 ಸೆಂಟಿಮೀಟರ್‌ನಲ್ಲಿ ಬಿಳಿ ಗೆರೆ ಒಣ ಕಟ್ಟಿಗೆಗೆ, 33ರಲ್ಲಿ ಕೆಂಪು ಗೆರೆ ಹಸಿ ಕಟ್ಟಿಗೆಗೆ. ಹೇರುವ ಆಳು ಯಾರೇ ಇರಲಿ, ಗೆರೆ ನೋಡಿ ನಿಲ್ಲಿಸುತ್ತಾನೆ. "ಮಾಮಾ, ಇನ್ನೊಂದು ಸಾಲು ಹಾಕಿದರೆ ಒಂದು ಸುತ್ತು ಉಳಿಯುತ್ತಲ್ಲ" ಅಂತ ಅಕ್ಕನ ಮಗಳು ಕೇಳಿದಳು. ಆ ಒಂದು ಸಾಲೇ ಬೇರಿಂಗ್ ತಿನ್ನುವುದು, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ತಳ್ಳುವುದು ಅಂತ ಹೇಳಿದೆ.

ಗೋಡೆಗೆ ಆಂಗಲ್ ಕಂಬ, 50 ಮಿಲಿಮೀಟರ್ ಕಣ್ಣಿನ ವೆಲ್ಡ್ ಮೆಶ್ ಸಾಕು. ಗಾಳಿ ಆಡುತ್ತದೆ, ಭಾರವೂ ಕಡಿಮೆ. ಹಿಂಬಾಗಿಲು ಕಳಚುವಂತಿರಲಿ. ಕಂಬಗಳನ್ನು ಚಾಸಿಗೆ ಬೆಸೆದ ಗೂಡಿನಲ್ಲಿ ಇಳಿಸಿದರೆ ಬೇಡವಾದಾಗ ಎತ್ತಿಡಬಹುದು.

ದೀಪಗಳು ಕೆಡುವುದು ಹೆಚ್ಚಾಗಿ ಅರ್ತ್ ವೈರಿನಿಂದ. ಚಾಸಿಯ ತುಕ್ಕಿನ ಮೇಲೆ ಸ್ಕ್ರೂ ಬಿಗಿದು ಬಿಟ್ಟಿರುತ್ತಾರೆ. ಪ್ರತ್ಯೇಕ ಅರ್ತ್ ವೈರನ್ನು ದೀಪದಿಂದ ಸಾಕೆಟ್‌ವರೆಗೆ ಎಳೆಯಿರಿ. ಏಳು ಪಿನ್‌ನ ಸಾಕೆಟ್, 12 ವೋಲ್ಟ್ ಎಲ್‌ಇಡಿ ದೀಪ, ವೈರ್ ಮೇಲೆ ಪಿವಿಸಿ ಕೊಳವೆ. ಹಿಂದೆ ಕೆಂಪು, ಮುಂದೆ ಬಿಳಿ, ಪಕ್ಕದಲ್ಲಿ ಹಳದಿ ಪ್ರತಿಫಲಿಸುವ ಟೇಪ್ ಅಂಟಿಸಿ. ಪೌಡ್ ರಸ್ತೆಯಲ್ಲಿ ಸಂಜೆ ಕತ್ತಲಾದ ಮೇಲೆ ನಿಧಾನಕ್ಕೆ ಹೋಗುವ ಟ್ರಾಲಿ ಹಿಂದಿನವನಿಗೆ ಕಾಣಬೇಕು, ಇದರಲ್ಲಿ ಜಿಪುಣತನ ಬೇಡ.

ಈಗ ಬಣ್ಣ. ಮಳೆ ಮುಗಿದು ಗಾಳಿ ಒಣಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ. ತಂತಿ ಬ್ರಷ್ ಹಾಕಿದ ಗ್ರೈಂಡರ್‌ನಿಂದ ಉಜ್ಜುವಾಗ ಕನ್ನಡಕ, ಮಾಸ್ಕ್ ಕಡ್ಡಾಯ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಉಜ್ಜಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ, ರಾತ್ರಿ ಬಿಟ್ಟರೆ ಮತ್ತೆ ತುಕ್ಕಿನ ಪೊರೆ ಬರುತ್ತದೆ. ಮೇಲೆ ಸಿಂಥೆಟಿಕ್ ಎನಾಮೆಲ್ ತೆಳ್ಳಗೆ ಎರಡು ಕೈ. ಚಾಸಿ ನಂಬರ್ ಮೇಲಿನ ಟೇಪ್ ಕೊನೆಗೆ ಕಿತ್ತು, ಅಲ್ಲಿ ಮಾತ್ರ ಪಾರದರ್ಶಕ ವಾರ್ನಿಷ್.

ಹೇರುವಾಗ ಭಾರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಕ್ಸೆಲ್‌ನ ಮುಂದೆ ಇರಬೇಕು. ಒಲೆಗೆ 45 ಸೆಂಟಿಮೀಟರ್ ತುಂಡು ಮಾಡಿದ್ದರೆ 1.8 ಮೀಟರ್ ಉದ್ದದಲ್ಲಿ ಸರಿಯಾಗಿ ನಾಲ್ಕು ಸಾಲು ಕೂರುತ್ತವೆ. ದಪ್ಪ ತುಂಡು ಮುಂದಿನ ಎರಡು ಸಾಲಿಗೆ, ಸಣ್ಣದು ಹಿಂದಕ್ಕೆ. ಕೊಂಡಿಯ ಮೇಲೆ ಬೀಳುವ ಭಾರ ಒಟ್ಟಿನ ಹತ್ತನೇ ಒಂದು ಭಾಗದಷ್ಟಿದ್ದರೆ ಸರಿ. ಚಕ್ರಕ್ಕೆ ಅಡ್ಡೆ ಕೊಟ್ಟು, ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನೇ ಕೊಂಡಿಯ ಕೆಳಗಿಟ್ಟು ನೋಡಬಹುದು. 850ಕ್ಕೆ 85 ಕೆ.ಜಿ. ಕೊಂಡಿ ಟ್ರ್ಯಾಕ್ಟರ್‌ಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಅಳೆಯಿರಿ. ಹಿಂದೆ ಭಾರವಾದರೆ ಕೊಂಡಿ ಮೇಲೇಳುತ್ತದೆ, ಟ್ರಾಲಿ ಬಾಲ ಆಡಿಸುತ್ತದೆ.

ಮರ ಎಲ್ಲಿಂದ ಬಂತು ಅನ್ನುವುದಕ್ಕೂ ಕಾಗದ ಬೇಕು. ಮಹಾರಾಷ್ಟ್ರದಲ್ಲಿ ಮರ ಕಡಿಯುವುದಕ್ಕೆ 1964ರ ಕಾಯ್ದೆ ಇದೆ. ನಿಮ್ಮ ಜಮೀನಿನದೇ ಆದರೂ, ಯಾವ ಮರಕ್ಕೆ ಅನುಮತಿ, ಸಾಗಿಸಲು ಪಾಸ್ ಬೇಕಾ ಅಂತ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಹೊರಡಿ.

ಇಂಥ ಸಣ್ಣ ಟ್ರಾಲಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ತಾಮ್ಹಿಣಿ ಕಡೆಯ ಇಳಿಜಾರುಗಳಲ್ಲಿ ಇಳಿಯುವ ಮೊದಲೇ ಸಣ್ಣ ಗೇರ್‌ಗೆ ಹಾಕಿ. ನಡುವೆ ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಬೇಡಿ. ಟ್ರ್ಯಾಕ್ಟರ್‌ನ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಒಂದಕ್ಕೊಂದು ಸೇರಿಸುವ ಪಟ್ಟಿ ಹಾಕಿರಬೇಕು, ಒಂದೇ ಪೆಡಲ್ ಒತ್ತಿದರೆ ಟ್ರಾಲಿ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ.

ಮೊದಲ ಹೇರು ಇಳಿಸಿದ ಮೇಲೆ ಯು ಬೋಲ್ಟ್, ಚಕ್ರದ ನಟ್ ಎರಡನ್ನೂ ಮತ್ತೆ ಬಿಗಿಯಿರಿ. ಹೊಸದಾಗಿ ಕೂರಿಸಿದ್ದು ಭಾರ ಬಿದ್ದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ದಾರಿಯಲ್ಲಿ ನಿಂತಾಗಲೆಲ್ಲ ಹಬ್ ಹತ್ತಿರ ಕೈ ಹಿಡಿದು ನೋಡಿ. ಬೆಚ್ಚಗಿದ್ದರೆ ಚಿಂತೆ ಇಲ್ಲ, ಕೈ ಇಡಲಾಗದಷ್ಟು ಸುಟ್ಟರೆ ನಟ್ ಬಿಗಿ ಜಾಸ್ತಿಯಾಗಿದೆ ಅಥವಾ ಗ್ರೀಸ್ ಸಾಲದು, ಅಲ್ಲೇ ನಿಲ್ಲಿಸಿ. ಮಳೆಗಾಲಕ್ಕೆ ಮುಂಚೆ ತಳ ಗುಡಿಸಿ, ತೊಗಟೆ ಪುಡಿ ಒಂದೂ ಉಳಿಯದಂತೆ ತೆಗೆಯಿರಿ. ಕೊಂಡಿಯನ್ನು ಸ್ವಲ್ಪ ಎತ್ತರಿಸಿ ಹಿಂದಕ್ಕೆ ಇಳಿಜಾರು ಬರುವಂತೆ ನಿಲ್ಲಿಸಿ, ಎಕ್ಸೆಲ್ ಕೆಳಗೆ ಮರದ ತುಂಡು ಕೊಟ್ಟು ಟೈರ್ ಮೇಲಿನ ಭಾರ ಇಳಿಸಿ. ಮಳೆ ಮುಗಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಿ.